ನೌಕೆ, ಸಂಖ್ಯೆ, ನಾಮ: ಅಟ್ಲಾಂಟಿಕ್ ಗುಲಾಮ ವ್ಯಾಪಾರದ ಸ್ಮರಣೆಯಲ್ಲಿ ಡಿಜಿಟಲ್ ಕಲೆ

ಕ್ರಿ. ಶ. 16ನೆಯ ಶತಮಾನದ ಆರಂಭದಿಂದ 19ನೆಯ ಶತಮಾನದ ಉತ್ತರಾರ್ಧದವರೆಗೆ ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರನ್ನು ಬಲಾತ್ಕಾರದಿಂದ ಹಡಗುಗಳಿಗೆ ಏರಿಸಿ ಅಟ್ಲಾಂಟಿಕ್ ಮಹಾಸಾಗರದ ಆಚೆಗೆ ಸಾಗಿಸಲಾಯಿತೆಂದು ಇತಿಹಾಸಜ್ಞರು ಗಣಿಸಿದ್ದಾರೆ. ಅವರಲ್ಲಿ ಜೀವಸಹಿತ ದಡ ಸೇರಿದವರು ಸುಮಾರು 1 ಕೋಟಿ 7 ಲಕ್ಷ. ಉಳಿದ 18 ಲಕ್ಷ ಜನ ನಡುದಾರಿಯಲ್ಲಿಯೇ ಮಡಿದರು. ಈ ವ್ಯಾಪಾರದ ವಿಷಯವಾಗಿ ನಮಗೆ ಉಳಿದಿರುವ ಆಧಾರಗಳಾದರೂ ಬಹುಮಟ್ಟಿಗೆ ವ್ಯಾಪಾರಿಗಳೇ ಬರೆದಿಟ್ಟವು: ಹಡಗಿನ ದಿನಚರಿ, ವಿಮೆಯ ಪತ್ರ, ಸುಂಕದ ಕಡತ, ಲೆಕ್ಕದ ಪುಸ್ತಕ. ಒಲೌಡಾ ಇಕ್ವಿಯಾನೋ 1789ರಲ್ಲಿ ಪ್ರಕಟಿಸಿದ ಆತ್ಮವೃತ್ತಾಂತದಂಥ ಬರೆಹಗಳು ಅತಿ ವಿರಳ. ಹೀಗಿರುವಲ್ಲಿ, ಇತ್ತೀಚಿನ ದಶಕಗಳಲ್ಲಿ ಕಂಪ್ಯೂಟರಿನ ನೆರವಿನಿಂದ ರೂಪುಗೊಂಡಿರುವ ನಕ್ಷೆ, ಚಲಚ್ಚಿತ್ರ ಮತ್ತು ಪುನಾರಚನೆಗಳು ಆ ಮೂಕರಾದ ಜನರನ್ನು ಸ್ಮರಿಸಲು ಎಷ್ಟರಮಟ್ಟಿಗೆ ಸಮರ್ಥವಾಗಿವೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಪ್ರೇಕ್ಷಕನನ್ನು ಸುತ್ತುವರಿದು ತನ್ನೊಳಗೆ ನಿಲ್ಲಿಸಿಕೊಳ್ಳುವ ಕಲೆಯನ್ನು ಅನುಕೂಲಕ್ಕಾಗಿ ಇಲ್ಲಿ ಆವರಣಕಲೆ ಎಂದು ಕರೆಯಲಾಗಿದೆ.

1

ಈ ಪ್ರಯತ್ನ ಮೇಲ್ನೋಟಕ್ಕೆ ತೋರುವಷ್ಟು ಹೊಸದಲ್ಲ. ಇಂಗ್ಲೆಂಡಿನ ಪ್ಲಿಮತ್ ನಗರದ ಗುಲಾಮಗಿರಿ ವಿರೋಧಿ ಸಮಿತಿಯವರು 1788ರಲ್ಲಿ ಲಿವರ್‌ಪೂಲಿನ ಬ್ರೂಕ್ಸ್ ಎಂಬ ಹಡಗಿನ ಚಿತ್ರವೊಂದನ್ನು ಅಚ್ಚುಮಾಡಿಸಿದರು. ಆ ವರ್ಷದ ಕಾನೂನಿನ ಮೇರೆಗೆ ಬ್ರೂಕ್ಸ್ ಹಡಗು 454 ಜನರನ್ನು ಒಯ್ಯಬಹುದಾಗಿತ್ತು. ಅದಕ್ಕೆ ಮುಂಚಿನ ಒಂದು ಯಾನದಲ್ಲಿ ಅದು 609 ಜನರನ್ನು ತುಂಬಿಕೊಂಡಿತ್ತು. ಪ್ರಾಪ್ತವಯಸ್ಕನಾದ ಪುರುಷನಿಗೆ ಚಿತ್ರದಲ್ಲಿ ಗೊತ್ತುಮಾಡಿದ ಜಾಗ 6 ಅಡಿ ಉದ್ದ, 16 ಅಂಗುಲ ಅಗಲ. ವಿಲ್ಬರ್‌ಫೋರ್ಸನು ಈ ಹಡಗಿನ ಮರದ ಪ್ರತಿಕೃತಿಯನ್ನು ಪಾರ್ಲಿಮೆಂಟಿನ ಸದಸ್ಯರಿಗೆ ತೋರಿಸಿದನು. ಫ್ರಾನ್ಸಿನಲ್ಲಿ ಮಿರಾಬೋ ಅಂಥದೇ ಇನ್ನೊಂದನ್ನು ಮಾಡಿಸಿದನು. ಓದಿ ತಿಳಿಯುವುದಕ್ಕೂ ಕಣ್ಣೆದುರು ಇಟ್ಟು ನೋಡುವುದಕ್ಕೂ ಇರುವ ಅಂತರವನ್ನು ಅವರು ಬಲ್ಲವರಾಗಿದ್ದರು.

ಆದರೆ ಆ ಚಿತ್ರದ ಶಕ್ತಿಯಲ್ಲಿಯೇ ಅದರ ದೋಷವೂ ಅಡಗಿದೆ. ಅಲ್ಲಿನ ಮಾನವಾಕೃತಿಗಳೆಲ್ಲ ಒಂದೇ ಅಚ್ಚಿನವು, ನಿಶ್ಚೇಷ್ಟಿತವಾದವು. ಹಡಗಿನ ಒಡೆಯನು ತನ್ನ ಸರಕನ್ನು ಯಾವ ದೃಷ್ಟಿಯಿಂದ ನೋಡುತ್ತಿದ್ದನೋ ನೋಡುಗನೂ ಅದೇ ದೃಷ್ಟಿಯಿಂದ, ಮೇಲಿನಿಂದ, ಅವರನ್ನು ನೋಡುತ್ತಾನೆ. ಕರುಣೆ ಹುಟ್ಟುತ್ತದೆ, ನಿಜ. ಆದರೆ ಪರಿಚಯ ಹುಟ್ಟುವುದಿಲ್ಲ. ಈ ದೋಷ ಮುಂದಿನ ಕಾಲದ ಕೃತಿಗಳಿಗೂ ದಾಯವಾಗಿ ಬಂದಿದೆ.

2

ಡೇವಿಡ್ ಎಲ್ಟಿಸ್ ಮತ್ತು ಅವರ ಸಹೋದ್ಯೋಗಿಗಳು ಅನೇಕ ದೇಶಗಳ ಪತ್ರಾಗಾರಗಳನ್ನು ಶೋಧಿಸಿ, 27,233 ಯಾನಗಳ ವಿವರಗಳನ್ನು 1999ರಲ್ಲಿ ಕಂಪ್ಯೂಟರ್ ತಟ್ಟೆಯ ರೂಪದಲ್ಲಿ ಪ್ರಕಟಿಸಿದರು. 2008ರಲ್ಲಿ ಈ ಸಂಗ್ರಹ ಅಂತರಜಾಲದಲ್ಲಿ ಸರ್ವರಿಗೂ ತೆರೆಯಿತು. ಈಗ ಅದರಲ್ಲಿ 36,000ಕ್ಕೂ ಮಿಕ್ಕಿದ ಯಾನಗಳಿವೆ. ಲೇಖನದ ಆದಿಯಲ್ಲಿ ಕೊಟ್ಟ ಅಂದಾಜುಗಳಿಗೆ ಇದೇ ಆಧಾರ. 2015ರಲ್ಲಿ ಅಮೆರಿಕದ ಸ್ಲೇಟ್ ಪತ್ರಿಕೆ ಈ ಸಂಗ್ರಹದಿಂದ 315 ವರ್ಷಗಳ 20,528 ಯಾನಗಳನ್ನು ಆರಿಸಿಕೊಂಡು ಎರಡು ನಿಮಿಷಗಳ ಚಲಿಸುವ ನಕ್ಷೆಯೊಂದನ್ನು ಸಿದ್ಧಪಡಿಸಿತು. ಒಂದೊಂದು ಹಡಗು ಒಂದೊಂದು ಚುಕ್ಕೆ. ಮೊದಲು ಅಲ್ಲೊಂದು ಇಲ್ಲೊಂದು ಚುಕ್ಕೆ ಹೊರಡುತ್ತದೆ. 18ನೆಯ ಶತಮಾನಕ್ಕೆ ಬರುವಷ್ಟರಲ್ಲಿ ಸಮುದ್ರವೇ ಚುಕ್ಕೆಗಳಿಂದ ತುಂಬಿಹೋಗುತ್ತದೆ. ಅವುಗಳಲ್ಲಿ ಬಹುಪಾಲು ಸಾಗುವುದು ಬ್ರಜಿಲ್ ಮತ್ತು ಕೆರಿಬಿಯನ್ ದ್ವೀಪಗಳ ಕಡೆಗೆ ಎಂಬುದು ಕೋಷ್ಟಕಗಳಿಗಿಂತ ಇಲ್ಲಿ ಸ್ಫುಟವಾಗಿ ಮನಸ್ಸಿಗೆ ನಾಟುತ್ತದೆ.

ಈ ನಕ್ಷೆಯನ್ನು ನಾನು ತರಗತಿಯಲ್ಲಿ ತೋರಿಸಿದಾಗ ವಿದ್ಯಾರ್ಥಿಗಳು ಮೊದಮೊದಲು ಸ್ತಬ್ಧರಾದರು. ಎರಡನೆಯ ಬಾರಿ ತೋರಿಸಿದಾಗ ಒಬ್ಬ ವಿದ್ಯಾರ್ಥಿನಿ, ‘ಈ ಚುಕ್ಕೆಯ ಒಳಗಿದ್ದವರ ಹೆಸರೇನು ಸಾರ್?’ ಎಂದು ಕೇಳಿದಳು. ಚುಕ್ಕೆಯನ್ನು ಮುಟ್ಟಿದರೆ ಹಡಗಿನ ಹೆಸರು ಬರುತ್ತದೆ, ಜನರ ಹೆಸರು ಬರುವುದಿಲ್ಲ. ನಾನು ಕೊಟ್ಟ ಉತ್ತರ ನನಗೇ ತೃಪ್ತಿಯಾಗಲಿಲ್ಲ. ಈ ಲೇಖನಕ್ಕೆ ಆ ಪ್ರಶ್ನೆಯೇ ಪ್ರೇರಣೆಯೆಂದರೆ ತಪ್ಪಾಗಲಾರದು.

3

ಸಂಖ್ಯೆ ಸಾಲದೆಂಬ ಈ ಅತೃಪ್ತಿಯಿಂದಲೇ ಆವರಣಕಲೆ ಹುಟ್ಟಿತೆನ್ನಬಹುದು. 18ನೆಯ ಶತಮಾನದ ಲೋರೋರ್ ಎಂಬ ಫ್ರೆಂಚ್ ಹಡಗಿನ ಉಳಿದುಬಂದ ನಕಾಶೆಗಳನ್ನು ಅನುಸರಿಸಿ, ಮೇಲೆ ಹೇಳಿದ ಸಂಗ್ರಹದವರೇ ಅದರ ಮೂರು ಆಯಾಮಗಳ ಪುನಾರಚನೆಯನ್ನು ಮಾಡಿದ್ದಾರೆ. ಇಂಥ ಪುನಾರಚನೆಯಿಂದ ಇತಿಹಾಸಕಾರನಿಗೂ ಪ್ರಯೋಜನವುಂಟು. ಗುಲಾಮ ಹಡಗುಗಳ ಮೇಲ್ತಟ್ಟಿನಲ್ಲಿ ಅಡ್ಡಲಾಗಿ ಒಂದು ಬಲವಾದ ಮರದ ಗೋಡೆಯನ್ನು ಕಟ್ಟುತ್ತಿದ್ದರು. ದಂಗೆಯೆದ್ದರೆ ನಾವಿಕರು ಅದರ ಹಿಂದೆ ಅಡಗಿ ಗುಂಡುಹಾರಿಸಬಹುದಾಗಿತ್ತು. ಸುಮಾರು ಹತ್ತು ಯಾನಗಳಿಗೆ ಒಂದರಲ್ಲಿ ದಂಗೆಯಾಯಿತೆಂದು ವಿದ್ವಾಂಸರ ಅಂದಾಜು. ಬ್ರೂಕ್ಸ್ ಚಿತ್ರದಲ್ಲಿ ಮಲಗಿರುವ ಆಕೃತಿಗಳು ನಿಜಜೀವನದಲ್ಲಿ ಎದ್ದು ನಿಲ್ಲುತ್ತಿದ್ದವು ಎಂಬುದಕ್ಕೆ ಆ ಗೋಡೆಯೇ ಸಾಕ್ಷಿ.

ವಿನ್ಸೆಂಟ್ ಬ್ರೌನ್ ಅವರು 2012ರಲ್ಲಿ ರಚಿಸಿದ, ಜಮೈಕದ 1760–61ರ ದಂಗೆಯ ನಕ್ಷೆ ಈ ದೃಷ್ಟಿಯಿಂದ ಗಮನಾರ್ಹವಾದುದು. ಅದಕ್ಕೆ ಆಧಾರ ತೋಟದ ಒಡೆಯರೂ ಸೈನ್ಯಾಧಿಕಾರಿಗಳೂ ಬರೆದ ಕಾಗದಪತ್ರಗಳೇ. ಆದರೆ ಅವುಗಳಲ್ಲಿ ಬರುವ ಸ್ಥಳಗಳನ್ನೂ ದಿನಗಳನ್ನೂ ನಕ್ಷೆಯ ಮೇಲೆ ಹೊಂದಿಸಿದಾಗ, ಒಡೆಯರು ಕೇವಲ ಗಲಭೆಯೆಂದು ಕಂಡದ್ದರಲ್ಲಿ ಒಂದು ಯುದ್ಧತಂತ್ರ ಗೋಚರವಾಗುತ್ತದೆ. ಶತ್ರುವಿನ ಸಾಕ್ಷ್ಯದಿಂದಲೇ ಬಂಡಾಯಗಾರರ ವಿವೇಕ ಸಿದ್ಧವಾಗುತ್ತದೆ.

ಇದಕ್ಕೆ ವಿರುದ್ಧವಾದ ನಿದರ್ಶನವನ್ನೂ ಹೇಳಬೇಕು. ಡೆನ್ಮಾರ್ಕಿನಲ್ಲಿ 2013ರಲ್ಲಿ ಮಕ್ಕಳಿಗೆ ಈ ಇತಿಹಾಸವನ್ನು ಕಲಿಸಲೆಂದು ತಯಾರಾದ ಒಂದು ಕಂಪ್ಯೂಟರ್ ಆಟದಲ್ಲಿ, ಮೇಲಿನಿಂದ ಬೀಳುವ ಮನುಷ್ಯಾಕೃತಿಗಳನ್ನು ಸಂದಿಲ್ಲದಂತೆ ಹಡಗಿನಲ್ಲಿ ಜೋಡಿಸುವುದು ಆಟಗಾರನ ಕೆಲಸವಾಗಿತ್ತು. 2015ರಲ್ಲಿ ತೀವ್ರವಾದ ಖಂಡನೆಗೆ ಗುರಿಯಾಗಿ ಆ ಭಾಗವನ್ನು ತೆಗೆದುಹಾಕಲಾಯಿತು. ಕ್ರೌರ್ಯವನ್ನು ಮನಗಾಣಿಸುವುದೇ ತಯಾರಕರ ಉದ್ದೇಶವಾಗಿದ್ದರೂ, ಫಲದಲ್ಲಿ ಮಗುವಿನ ಕೈಗೆ ಬಂದದ್ದು ಹಡಗಿನ ಒಡೆಯನ ಜಾಣ್ಮೆ. ಹೆಚ್ಚು ಜನರನ್ನು ತುಂಬಿದವನು ಅಲ್ಲಿ ಗೆಲ್ಲುತ್ತಾನೆ. ಸಾಧನ ಎಷ್ಟೇ ನೂತನವಾಗಿರಲಿ, ನೋಡುಗನನ್ನು ಎಲ್ಲಿ ನಿಲ್ಲಿಸುತ್ತದೆ ಎಂಬುದರಿಂದಲೇ ಅದರ ಯೋಗ್ಯತೆ ನಿರ್ಣಯವಾಗಬೇಕು.

4

ಹಾಗಾದರೆ ನೋಡುಗನನ್ನು ಬಂಧಿಯ ಸ್ಥಾನದಲ್ಲಿಯೇ ನಿಲ್ಲಿಸಬಹುದಲ್ಲ ಎಂದು ಕೆಲವರು ಹೇಳಬಹುದು. ಈ ವಾದವೂ ನಿರ್ದುಷ್ಟವಲ್ಲ. ಕಣ್ಣಿಗೆ ಯಂತ್ರವನ್ನು ಕಟ್ಟಿಕೊಂಡು ಹತ್ತು ನಿಮಿಷ ಕತ್ತಲೆಯ ಹಡಗಿನೊಳಗೆ ಇದ್ದವನು, ಬೇಡವೆನಿಸಿದ ಕ್ಷಣದಲ್ಲಿ ಅದನ್ನು ಕಳಚಿ ಇಡಬಲ್ಲನು. ಬಂಧಿಗೆ ಇಲ್ಲದಿದ್ದದ್ದು ಆ ಸ್ವಾತಂತ್ರ್ಯವೇ. ‘ನಾನೂ ಅನುಭವಿಸಿದೆ’ ಎಂಬ ಭ್ರಾಂತಿ ಸ್ಮರಣೆಯಲ್ಲ. ಅದು ಸತ್ತವರ ಸ್ವತ್ತನ್ನು ಇನ್ನೊಮ್ಮೆ ಅಪಹರಿಸಿದಂತೆ.

ಹೆಚ್ಚು ಗೌರವಯುತವಾದ ಮಾರ್ಗವನ್ನು ಎರಡು ಉದಾಹರಣೆಗಳು ಸೂಚಿಸುತ್ತವೆ. ಸಾವೊ ಜೋಸೆ ಎಂಬ ಪೋರ್ಚುಗೀಸ್ ಹಡಗು ಮೊಜಾಂಬಿಕ್‌ನಿಂದ ಬ್ರಜಿಲಿಗೆ ಹೋಗುತ್ತಿದ್ದಾಗ 1794ರ ಡಿಸೆಂಬರಿನಲ್ಲಿ ಕೇಪ್‌ಟೌನ್ ಬಳಿ ಒಡೆದು, ಅದರಲ್ಲಿದ್ದ 400ಕ್ಕೂ ಹೆಚ್ಚು ಬಂಧಿಗಳಲ್ಲಿ ಅರ್ಧದಷ್ಟು ಜನ ಸತ್ತರು. 2015ರಲ್ಲಿ ಈ ಅವಶೇಷದ ಗುರುತು ಪ್ರಕಟವಾದಾಗ, ಮೊಜಾಂಬಿಕ್‌ನಿಂದ ತಂದ ಮಣ್ಣನ್ನು ಆ ನೀರಿನಲ್ಲಿ ಅರ್ಪಿಸಲಾಯಿತು. ಹಡಗಿನ ತಳಭಾರದ ಕಬ್ಬಿಣದ ತುಂಡುಗಳನ್ನು ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ಇಡಲಾಯಿತು. ಮನುಷ್ಯರು ಜಡ ಸರಕಿಗಿಂತ ಹಗುರವಾದ್ದರಿಂದ ಹಡಗಿನ ಸಮತೋಲಕ್ಕೆ ಆ ಕಬ್ಬಿಣ ಬೇಕಾಗಿತ್ತು. ಇಷ್ಟನ್ನು ತಿಳಿದು ಅದರ ಮುಂದೆ ನಿಂತವನಿಗೆ ಬೇರೆ ಯಾವ ದೃಶ್ಯವೂ ಅಗತ್ಯವಿಲ್ಲ.

ಎರಡನೆಯದು ನಾಮಗಳ ಸಂಗ್ರಹ. ಬ್ರಿಟಿಷ್ ನೌಕಾಪಡೆ ಹಿಡಿದ ಹಡಗುಗಳಿಂದ ಬಿಡಿಸಲ್ಪಟ್ಟವರ ಹೆಸರುಗಳನ್ನು 19ನೆಯ ಶತಮಾನದಲ್ಲಿ ಫ್ರೀಟೌನ್ ಮತ್ತು ಹವಾನಾಗಳಲ್ಲಿ ಗುಮಾಸ್ತರು ತಮ್ಮ ಕಿವಿಗೆ ಕೇಳಿಸಿದಂತೆ ಬರೆದುಕೊಂಡರು. ಇಂಥ 91,491 ಜನರ ವಿವರಗಳು ಈಗ ಅಂತರಜಾಲದಲ್ಲಿವೆ. ಹೆಸರು ಯಾವ ಭಾಷೆಯದೆಂದು ಗುರುತಿಸಲು ಆಫ್ರಿಕದ ಜನರನ್ನೇ ಕೋರಲಾಯಿತು. ಒಟ್ಟು ಸಂಖ್ಯೆಯ ಮುಂದೆ ಇದು ನೂರಕ್ಕೆ ಒಂದರಷ್ಟೂ ಅಲ್ಲ. ಆದರೂ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಇದೇ: ಇಷ್ಟು ಹೆಸರುಗಳು ಉಳಿದಿವೆ, ಉಳಿದವು ಹೋದವು, ಹೋದದ್ದನ್ನು ಕಲ್ಪನೆಯಿಂದ ತುಂಬುವವನು ತಾನು ಕಲ್ಪಿಸುತ್ತಿದ್ದೇನೆಂದು ಹೇಳಿಯೇ ತುಂಬಬೇಕು.

ಕೊನೆಯದಾಗಿ ಒಂದು ಮಾತು. ಆ ಚಲಿಸುವ ನಕ್ಷೆಯಲ್ಲಿ ಭಾರತ ಕಾಣುವುದಿಲ್ಲ. ಆದರೆ ಆಫ್ರಿಕದ ತೀರದಲ್ಲಿ ಮನುಷ್ಯರಿಗೆ ಬದಲಾಗಿ ಕೊಟ್ಟ ಸರಕುಗಳಲ್ಲಿ ಚೋಳಮಂಡಲ ಮತ್ತು ಗುಜರಾತಿನ ಹತ್ತಿಯ ಬಟ್ಟೆಯೂ ಹಿಂದೂ ಮಹಾಸಾಗರದ ಮಾಲ್ಡೀವ್ಸ್ ದ್ವೀಪಗಳ ಕವಡೆಯೂ ಮುಖ್ಯವಾಗಿದ್ದವು. ನಮ್ಮ ಉತ್ತರ ಕನ್ನಡದ ಸಿದ್ದಿ ಜನರ ಪೂರ್ವಿಕರು ಬಂದ ದಾರಿ ಬೇರೆ ಸಾಗರದ್ದು. ಎರಡನ್ನೂ ಬೆರಸುವುದು ಯುಕ್ತವಲ್ಲ. ಆದರೆ ಆ ದಾರಿಯ ಯಾನಗಳನ್ನೂ ಹೆಸರುಗಳನ್ನೂ ಗೋವೆಯ ಕಡತಗಳಲ್ಲಿ ಹುಡುಕುವ ಕರ್ತವ್ಯ ನಮ್ಮದು. ಅಟ್ಲಾಂಟಿಕ್ ವಿದ್ವಾಂಸರ ಅರ್ಧ ಶತಮಾನದ ಶ್ರಮದಿಂದ ನಾವು ಕಲಿಯಬೇಕಾದ ಪಾಠವೂ ಇದೇ: ಚಿತ್ರ ಬರೆಯುವುದಕ್ಕೆ ಮೊದಲು ಹೆಸರು ಹುಡುಕಬೇಕು.