ನೆರೆದೇಶಗಳ ಬಿಗಿ ಕಾನೂನು, ನಮ್ಮ ತೋಟಗಳ ಹಾಜರಿ ಪುಸ್ತಕ

ಕಳೆದ ನಾಲ್ಕಾರು ಕೊಯ್ಲುಗಳಿಂದ ಸಕಲೇಶಪುರ, ಆಲೂರು ಕಡೆ ಕಾಫಿ ಬೆಳೆಗಾರರು ನಾಲ್ಕು ಜನ ಸೇರಿದಲ್ಲೆಲ್ಲ ಒಂದು ಮಾತು ಬಂದೇ ಬರುತ್ತದೆ. ನೆರೆಹೊರೆಯ ದೇಶಗಳಲ್ಲೆಲ್ಲ ವಲಸೆ ಕಾನೂನು ಬಿಗಿ, ನಮ್ಮದೊಂದೇ ಧರ್ಮಛತ್ರ ಎಂಬ ಮಾತು. ಅಕ್ರಮವಾಗಿ ಒಳಬಂದರೆ ಯಾವ ದೇಶದಲ್ಲಿ ಎಷ್ಟು ವರ್ಷ ಜೈಲು ಎಂಬ ಪಟ್ಟಿಯೊಂದು ಮೊಬೈಲುಗಳಲ್ಲಿ ಓಡಾಡುತ್ತಿದೆ. 2025ರ ಮಾರ್ಚ್‌ನಲ್ಲಿ ವಲಸೆ ಮತ್ತು ವಿದೇಶಿಯರ ಮಸೂದೆ ಲೋಕಸಭೆಗೆ ಬಂದಾಗ ಗೃಹ ಸಚಿವರೇ ದೇಶ ಧರ್ಮಶಾಲೆಯಲ್ಲ ಎಂದರು. ಪಟ್ಟಿಗೆ ಇನ್ನಷ್ಟು ಬೆಲೆ ಬಂತು. ಮಾತು ಎಲ್ಲಿ ಶುರುವಾದರೂ ನಿಲ್ಲುವುದು ಒಂದೇ ಕಡೆ. ನಮ್ಮ ತೋಟಗಳ ಲೈನ್ ಮನೆಗಳಲ್ಲಿರುವ ಅಸ್ಸಾಮಿನವರು ನಿಜಕ್ಕೂ ಅಸ್ಸಾಮಿನವರೇ?

ತೋಟ ಕಾರ್ಮಿಕರ ವ್ಯಾಜ್ಯ, ರಿಜಿಸ್ಟರು, ಇನ್‌ಸ್ಪೆಕ್ಟರರ ನೋಟಿಸು ಇವುಗಳ ನಡುವೆಯೇ ವಕೀಲಿಕೆ ಮಾಡಿಕೊಂಡು ಬಂದವನಿಗೆ ಈ ಪಟ್ಟಿ ನೋಡಿದಾಗ ಬೇಸರವಾಗುತ್ತದೆ. ನೆರೆದೇಶಗಳ ವಲಸೆ, ಪೌರತ್ವ ಕಾನೂನುಗಳನ್ನು ಎದುರುಬದುರು ಇಟ್ಟು ನೋಡುವ ಅಧ್ಯಯನ ಈಗ ಚೆನ್ನಾಗಿ ಬೆಳೆದಿದೆ. ಶಿಕ್ಷೆಯ ವರ್ಷ ಎಣಿಸಿ ತೀರ್ಪು ಕೊಡುವ ಹಂತವನ್ನು ಅದು ದಾಟಿ ಬಹಳ ಕಾಲವಾಯಿತು. ಆ ಓದು ಮಲೆನಾಡಿಗೆ ಬಂದಿಲ್ಲ. ಆ ಅಧ್ಯಯನವೂ ಮಲೆನಾಡಿನ ಕಡೆ ತಿರುಗಿ ನೋಡಿಲ್ಲ.

ತೋಟದ ಆಳುಗಳ ಬಗೆಗಿನ ಬರವಣಿಗೆಯ ಮೊದಲ ಹಂತವನ್ನು ಬೇಗ ದಾಟಬಹುದು. 1856ರಿಂದ ಮಂಜರಾಬಾದಿನಲ್ಲಿ, ಅಂದರೆ ಇಂದಿನ ಸಕಲೇಶಪುರ ಸೀಮೆಯಲ್ಲಿ, ಕಾಫಿ ಬೆಳೆದ ರಾಬರ್ಟ್ ಎಲಿಯಟ್ 1894ರಲ್ಲಿ ಮೈಸೂರಿನ ಚಿನ್ನ, ಶಿಕಾರಿ, ಕಾಫಿಯ ಬಗ್ಗೆ ಪುಸ್ತಕ ಬರೆದ. ಅದಕ್ಕೆ ಒಂದು ವರ್ಷ ಮುಂಚೆ ತೋಟದ ಮಾಲೀಕರ ಸಂಘ ಉಪಾಸಿ ಹುಟ್ಟಿತ್ತು. ಇವರೆಲ್ಲರಿಗೆ ಆಳಿನ ಪ್ರಶ್ನೆ ಎಂದರೆ ಆಳು ಸಿಗುವ, ಸಿಕ್ಕವನು ನಿಲ್ಲುವ ಪ್ರಶ್ನೆ. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಶಿಕ್ಷಿಸಲು 1859ರ ಕರಾರುಭಂಗದ ಕಾನೂನು ಇತ್ತು. 1920ರ ದಶಕದಲ್ಲಿ ಅದು ರದ್ದಾಯಿತು. ಆ ಕಾಲದ ಗಡಿ ನಮ್ಮ ಘಾಟಿಯಲ್ಲೇ ಹಾದುಹೋಗುತ್ತಿತ್ತು. ಶಿರಾಡಿ, ಬಿಸಿಲೆಯ ಕೆಳಗೆ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ, ಮೇಲೆ ಮೈಸೂರು ಸಂಸ್ಥಾನ. ಘಟ್ಟ ಹತ್ತಿ ಬಂದ ಆಳಿನ ಗುರುತೆಲ್ಲ ಅವನನ್ನು ಕರೆತಂದ ಸೇರೆಗಾರನ ಬಾಯಲ್ಲಿತ್ತು. ಕುವೆಂಪು 1936ರಲ್ಲಿ ಬರೆದ 'ಕಾನೂರು ಹೆಗ್ಗಡಿತಿ'ಯ ಸೇರೆಗಾರ ರಂಗಪ್ಪಸೆಟ್ಟರು ಈ ವ್ಯವಸ್ಥೆಯ ಬಗ್ಗೆ ಹೇಳುವಷ್ಟನ್ನು ಆ ಕಾಲದ ವರದಿಗಳು ಹೇಳುವುದಿಲ್ಲ.

ನಿಜವಾದ ಹೋಲಿಕೆ ಶುರುವಾಗುವುದು ಸಿಲೋನಿನಿಂದ. ಅದೂ ಮೂಲತಃ ಕಾಫಿಯ ನಾಡೇ. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅಲ್ಲಿನ ಕಾಫಿಯನ್ನು ಮುಗಿಸಿತು, ಅದರ ಜಾಗಕ್ಕೆ ಚಹಾ ಬಂತು. ತಮಿಳು ಆಳುಗಳು ಮಾತ್ರ ಕಂಗಾಣಿ ಎಂಬ ಮೇಸ್ತ್ರಿಗಳ ಹಿಂದೆ ಹೋಗುತ್ತಲೇ ಇದ್ದರು. 1939ರಲ್ಲಿ ಭಾರತ ಸರ್ಕಾರವೇ ಆ ವಲಸೆಯನ್ನು ನಿಲ್ಲಿಸಿತು. ಸ್ವತಂತ್ರ ಸಿಲೋನ್ 1948ರಲ್ಲಿ ಪೌರತ್ವ ಕಾಯ್ದೆ ತಂದು, ನಿನ್ನ ತಂದೆ ಇಲ್ಲೇ ಹುಟ್ಟಿದ್ದಕ್ಕೆ ದಾಖಲೆ ಎಲ್ಲಿ ಎಂದು ಕೇಳಿತು. ಲೈನ್ ಮನೆಯಲ್ಲಿ ಹುಟ್ಟಿದವನ ಜನನವನ್ನು ಯಾರು ಬರೆಸಿರುತ್ತಾರೆ? ಸುಮಾರು ಏಳು ಲಕ್ಷ ಜನ ಯಾವ ದೇಶಕ್ಕೂ ಸೇರದವರಾದರು. ಮರುವರ್ಷ ಓಟಿನ ಹಕ್ಕೂ ಹೋಯಿತು.

1964ರ ಅಕ್ಟೋಬರ್ 30ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದಲ್ಲಿ ಎರಡು ಸರ್ಕಾರಗಳು 9.75 ಲಕ್ಷ ಜನರನ್ನು ದಾಯಾದಿಗಳು ಗದ್ದೆ ಹಂಚಿಕೊಂಡ ಹಾಗೆ ಹಂಚಿಕೊಂಡವು. ಭಾರತಕ್ಕೆ 5.25 ಲಕ್ಷ, ಸಿಲೋನಿಗೆ 3 ಲಕ್ಷ. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಸಮಪಾಲು ಮಾಡಿಕೊಂಡವು. ಹೀಗೆ ಬಂದವರಲ್ಲಿ ಕೆಲವು ಕುಟುಂಬಗಳನ್ನು ಸುಳ್ಯ, ಪುತ್ತೂರು ಭಾಗದ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಲಾಯಿತು. ಇಂದು ಅವು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳು. ಹೆತ್ತೂರಿನಿಂದ ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯ ದಾಟಿದರೆ ಆ ಸೀಮೆ ಸಿಗುತ್ತದೆ. ಭಾರತದ ಪೌರತ್ವ ಪಡೆದೇ ಬಂದ ಆ ಜನ ಮಕ್ಕಳ ಜಾತಿ ಪ್ರಮಾಣಪತ್ರಕ್ಕಾಗಿ ವರ್ಷಗಟ್ಟಲೆ ತಾಲ್ಲೂಕು ಕಚೇರಿ ಅಲೆದರು. ಅತ್ತ ಶ್ರೀಲಂಕಾದಲ್ಲೇ ಉಳಿದವರಿಗೆ ಪೌರತ್ವ ಸಿಕ್ಕಿದ್ದು 2003ರ ಕಾಯ್ದೆಯಿಂದ. ನೆರೆಯ ದೇಶದ 'ಬಿಗಿ ಕಾನೂನು' ಎಂದರೆ ಏನೆಂದು ನಮ್ಮ ಬೆಳೆಗಾರರು ತಿಳಿಯಬೇಕಾದರೆ ಪಟ್ಟಿ ಬೇಡ, ಸುಳ್ಯದ ಆ ಕಾಲೊನಿಗಳಿಗೆ ಒಂದು ಸಲ ಹೋಗಿ ಬಂದರೆ ಸಾಕು.

ಈ ಕಥೆಯನ್ನು ವಲ್ಲಿ ಕನಪತಿಪಿಳ್ಳೈ 2009ರಲ್ಲಿ ಶ್ರೀಲಂಕಾದ ಕಡೆಯಿಂದ ಬರೆದರು. 2023ರಲ್ಲಿ ಬಂದ ಕಲ್ಯಾಣಿ ರಾಮನಾಥ್ ಅವರ 'ಬೋಟ್ಸ್ ಇನ್ ಎ ಸ್ಟಾರ್ಮ್' ಬರ್ಮಾ, ಸಿಲೋನ್, ಮಲಯಾಗಳನ್ನು ಒಟ್ಟಿಗೆ ಇಟ್ಟು, ಸಾಮಾನ್ಯ ಜನ ನಡೆಸಿದ ವ್ಯಾಜ್ಯಗಳ ಮೂಲಕ ಕಾನೂನನ್ನು ಓದುತ್ತದೆ. ಕೋರ್ಟಿನ ಕಡತ ಬಿಚ್ಚಿ ಅಭ್ಯಾಸವಿದ್ದವರಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ಈ ವಿಷಯದಲ್ಲಿ ಸಿಗದು.

ಇನ್ನು ಮೊಬೈಲಿನ ಪಟ್ಟಿ. ಅದರಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ, ಭಾರತ ಮೂರಕ್ಕೂ ಒಂದೊಂದು ಸಾಲು ಇರುತ್ತದೆ. ಆದರೆ ಮೂರರ ಮೂಲ ಕಾನೂನೂ ಒಂದೇ, ಬ್ರಿಟಿಷರು ಹೋಗುವ ಮುನ್ನ ಬರೆದಿಟ್ಟ 1946ರ ವಿದೇಶಿಯರ ಕಾಯ್ದೆ. ತಾನು ವಿದೇಶಿಯನಲ್ಲ ಎಂದು ಸಾಬೀತು ಮಾಡುವ ಹೊಣೆ ಹಿಡಿಸಿಕೊಂಡವನ ಮೇಲೇ ಎಂಬ ಅದರ 9ನೇ ಕಲಮು ಮೂರೂ ದೇಶಗಳಿಗೆ ಬಂತು. ಕೊಲೆ ಆರೋಪಿಗೂ ಇಲ್ಲದ ಹೊರೆ ಇದು. ಕಾನೂನು ಓದಿದವರಿಗೆ ನಿಜವಾದ ಬಿಗಿ ಕಾಣುವುದು ಇಲ್ಲಿ. ಪಾಕಿಸ್ತಾನ ಮುಂದೆ ಅಕ್ರಮ ಪ್ರವೇಶದ ಶಿಕ್ಷೆಯನ್ನು ಹತ್ತು ವರ್ಷಕ್ಕೆ ಏರಿಸಿತು, ನಿಜ. ಆದರೆ ಅದೇ ಪಾಕಿಸ್ತಾನದ 1951ರ ಪೌರತ್ವ ಕಾಯ್ದೆ ನೆಲದ ಮೇಲೆ ಹುಟ್ಟಿದವನಿಗೆ ಪೌರತ್ವ ಎಂಬ ನಿಯಮವನ್ನು ಇಂದಿಗೂ ಪುಸ್ತಕದಲ್ಲಿ ಇಟ್ಟುಕೊಂಡಿದೆ. ನಾವು ಅದನ್ನು 1987ರ ಜುಲೈ 1ರಿಂದ ಅರ್ಧ, 2004ರ ಡಿಸೆಂಬರ್ 3ರಿಂದ ಬಹುಪಾಲು ತೆಗೆದುಹಾಕಿದೆವು. ಪುಸ್ತಕದಲ್ಲಿ ಇದ್ದ ಮಾತ್ರಕ್ಕೆ ಅಲ್ಲೇ ಹುಟ್ಟಿದ ಅಫ್ಘಾನರಿಗೆ ಉಪಯೋಗವಾಗಲಿಲ್ಲ. 2023ರ ನವೆಂಬರ್ 1ರ ಗಡುವು ಕೊಟ್ಟು ಅವರನ್ನು ಹೊರಡಿಸಲು ಶುರುಮಾಡಿದ್ದನ್ನು ಎಲ್ಲರೂ ನೋಡಿದ್ದೇವೆ. ಹಾಗಾದರೆ ಯಾವುದು ಬಿಗಿ, ಯಾವುದು ಸಡಿಲ?

ಈ ಪ್ರಶ್ನೆಯನ್ನೇ ತಿರುಗಿಸಿದವರು ನಮ್ಮ ತಲೆಮಾರಿನ ವಿದ್ವಾಂಸರು. ಅದಕ್ಕೆ ಮುಂಚೆ, 1978ರ ಮೈರನ್ ವೀನರ್ ಅವರ 'ಸನ್ಸ್ ಆಫ್ ದಿ ಸಾಯಿಲ್' ಕಾಲದಲ್ಲಿ, ವಲಸೆ ಎಂದರೆ ಮಣ್ಣಿನ ಮಕ್ಕಳ ಸಿಟ್ಟಿನ ಅಧ್ಯಯನವಾಗಿತ್ತು. ಒಳ್ಳೆಯ ಪುಸ್ತಕ, ಆದರೆ ಬಂದವನ ಮಾತು ಅದರಲ್ಲಿ ಕಡಿಮೆ. 1999ರಲ್ಲಿ ರಣಬೀರ್ ಸಮದ್ದಾರ್, 2005ರಲ್ಲಿ ವಿಲೆಮ್ ಫಾನ್ ಸ್ಕೆಂಡೆಲ್ ಬಂಗಾಳದ ಗಡಿಯಲ್ಲಿ ನಿಂತು ನೋಡಿದರು. 2007ರಲ್ಲಿ ವಜೀರಾ ಜಮೀನ್ದಾರ್ ವಿಭಜನೆ 1947ಕ್ಕೆ ಮುಗಿಯಲಿಲ್ಲ ಎಂದು ತೋರಿಸಿದರು. 1948ರ ಜುಲೈನಲ್ಲಿ ಭಾರತ ಪರ್ಮಿಟ್ ಪದ್ಧತಿ ತಂದಿತು, ಅಕ್ಟೋಬರ್‌ನಲ್ಲಿ ಪಾಕಿಸ್ತಾನ ಅದನ್ನೇ ತಂದಿತು, 1952ರಲ್ಲಿ ಎರಡೂ ಕಡೆ ಪಾಸ್‌ಪೋರ್ಟ್ ಬಂತು. ಜೋಯಾ ಚಟರ್ಜಿ 2012ರ ಲೇಖನದಲ್ಲಿ ಇದನ್ನು ಸೂತ್ರವಾಗಿ ಕಟ್ಟಿದರು. ಈ ಎರಡು ದೇಶಗಳು ಕಾನೂನು ಮಾಡಿದ್ದು ಒಂದನ್ನೊಂದು ನೋಡಿಕೊಂಡು, ಒಂದು ಬಿಗಿದರೆ ಇನ್ನೊಂದೂ ಬಿಗಿಯುತ್ತ. ಈ ಮಾತನ್ನು ಒಪ್ಪಿದರೆ 'ಅವರದು ಬಿಗಿ, ನಮ್ಮದು ಸಡಿಲ' ಎಂಬ ಹೋಲಿಕೆಯ ಬುಡವೇ ಅಲುಗುತ್ತದೆ.

ಇವರ ಜೊತೆಗೇ ಬಂದದ್ದು ನಾನು ಹೆಚ್ಚು ನೆಚ್ಚಿಕೊಂಡಿರುವ ಪಂಥ. ಈ ಪಂಥದವರು ಕಾಯ್ದೆಗಿಂತ ಕಾಗದವನ್ನು ನೋಡುತ್ತಾರೆ. ಕಮಲ್ ಸಾದಿಕ್ ಅವರ 2009ರ 'ಪೇಪರ್ ಸಿಟಿಜನ್ಸ್', ಅನುಪಮಾ ರಾಯ್ ಅವರ 2010ರ ಪುಸ್ತಕ, ನೀರಜಾ ಗೋಪಾಲ್ ಜಯಾಳ್ ಅವರ 2013ರ ಪುಸ್ತಕ ಈ ದಾರಿಯವು. ಸಾದಿಕ್ ತೋರಿಸಿದ್ದು ದಾಖಲೆ ಇರುವ ವಿದೇಶಿ ಪ್ರಜೆಯಾಗುವ, ದಾಖಲೆ ಇಲ್ಲದ ಪ್ರಜೆ ಹೊರಗುಳಿಯುವ ವಿಪರೀತವನ್ನು. ಭೂತಾನ್ 1985ರ ಕಾಯ್ದೆಯ ನಂತರದ ಜನಗಣತಿಯಲ್ಲಿ ದಕ್ಷಿಣದ ನೇಪಾಳಿ ಭಾಷಿಕರಿಂದ ಕೇಳಿದ್ದು 1958ನೇ ಇಸವಿಯ ಕಂದಾಯ ರಶೀದಿ. ಅದೇ ವರ್ಷದ್ದೇ ಬೇಕು. ಸುಮಾರು ಒಂದು ಲಕ್ಷ ಜನ ನೇಪಾಳದ ಶಿಬಿರ ಸೇರಿದರು. ಬರ್ಮಾದ 1982ರ ಕಾನೂನು 1823ಕ್ಕಿಂತ ಮುಂಚಿನ ನೆಲೆಯನ್ನು ಅಳತೆಗೋಲು ಮಾಡಿತು. ನಮ್ಮ ಅಸ್ಸಾಮಿನಲ್ಲಿ ಆ ಅಳತೆಗೋಲಿನ ದಿನಾಂಕ 1971ರ ಮಾರ್ಚ್ 24ರ ಮಧ್ಯರಾತ್ರಿ. 2019ರ ಆಗಸ್ಟ್ 31ರಂದು ಪ್ರಕಟವಾದ ಅಲ್ಲಿನ ರಾಷ್ಟ್ರೀಯ ಪೌರರ ಪಟ್ಟಿ ಎನ್‌ಆರ್‌ಸಿ 19.06 ಲಕ್ಷ ಜನರನ್ನು ಹೊರಗಿಟ್ಟಿತು. ಈ ಮೂರನ್ನು ಅಕ್ಕಪಕ್ಕ ಇಟ್ಟು ಓದಿದವರು ಭಾರತದ ಕಾನೂನನ್ನು ಸಡಿಲ ಎನ್ನಲಾರರು.

ಈಗ ಸಕಲೇಶಪುರಕ್ಕೆ. ಇಲ್ಲಿಯ ಹುಡುಗರು ಬೆಂಗಳೂರು ಸೇರಿದರು, ಘಟ್ಟದ ಕೆಳಗಿನವರು ಬರುವುದು ನಿಂತಿತು, ಆ ಜಾಗಕ್ಕೆ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡಿನವರು ಬಂದರು. ರೋಬಸ್ಟಾ ಹಣ್ಣಾಗುವ ಹೊತ್ತಿಗೆ ಬಾಳ್ಳುಪೇಟೆ, ಹಾನಬಾಳು, ಯಸಳೂರು ಎಲ್ಲ ಕಡೆ ಅವರೇ. ಪೊಲೀಸರು ಪರಿಶೀಲನೆಗೆ ಕರೆದಾಗ ತೋಟದವರು ನನ್ನನ್ನೂ ಕರೆಯುವುದುಂಟು. ಒಬ್ಬೊಬ್ಬನೂ ಒಂದು ದಪ್ಪ ಪ್ಲಾಸ್ಟಿಕ್ ಕವರು ತಂದು ಮುಂದಿಡುತ್ತಾನೆ. ಅದರಲ್ಲಿ ಆಧಾರ್, ವೋಟರ್ ಕಾರ್ಡ್, ಊರಿನ ಪಂಚಾಯಿತಿಯ ಪತ್ರ. ಎಲ್ಲಕ್ಕಿಂತ ಕೆಳಗೆ ನಾಲ್ಕು ಮಡಿಕೆ ಮಾಡಿದ, ಮಡಿಕೆಯಲ್ಲೇ ಹರಿದ ಒಂದು ಹಾಳೆ, ಅಜ್ಜನ ಹೆಸರಿರುವ 1966ರ ಮತದಾರರ ಪಟ್ಟಿಯ ನಕಲು. ಹದಿನೆಂಟು ದಾಟದ ಹುಡುಗನೂ ಅಜ್ಜನ ಓಟಿನ ಪಟ್ಟಿ ಇಟ್ಟುಕೊಂಡೇ ಕಾಫಿ ಕೊಯ್ಯಲು ಬರುತ್ತಾನೆ. ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಅಂಥದೊಂದು ಹಾಳೆ ಇದೆ?

ಆ ಮೇಲೆ ತೋಟದ ರೈಟರ ಹಾಜರಿ ಪುಸ್ತಕ ನೋಡುತ್ತೇನೆ. ಹಳೆಯ ಸ್ಥಳೀಯ ಆಳುಗಳಿಗೆ ಹೆಸರು, ತಂದೆಯ ಹೆಸರು, ಪಿ.ಎಫ್. ನಂಬರು ಎಲ್ಲ ಇರುತ್ತದೆ. ಪುಟ ತಿರುಗಿಸಿದರೆ 'ಅಸ್ಸಾಂ' ಎಂದು ತಲೆಬರಹ, ಅದರ ಕೆಳಗೆ ಗಂಡಾಳು ಇಷ್ಟು, ಹೆಣ್ಣಾಳು ಇಷ್ಟು, ಕೊಯ್ದ ಹಣ್ಣು ಇಷ್ಟು ಕೆ.ಜಿ. ಹೆಸರಿರುವುದು ಮೇಸ್ತ್ರಿಯದು ಮಾತ್ರ. ಸೇರೆಗಾರನ ಕಾಲದ ಲೆಕ್ಕ ಹೀಗೇ ಇದ್ದಿರಬೇಕು.

ಹೆಸರು ಬರೆಯಬೇಕೆಂಬ ಕಾನೂನು ಇರಲಿಲ್ಲವೇ? ಇತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ಪ್ರಕಾರ ಐದು ಅಥವಾ ಹೆಚ್ಚು ಜನರನ್ನು ಹೊರರಾಜ್ಯದಿಂದ ಕರೆತರುವ ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕಿತ್ತು, ಪ್ರತಿ ಆಳಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕಿತ್ತು. ಊರಿನ ವಿಳಾಸ, ಕೂಲಿ, ಮುಂಗಡ ಎಲ್ಲ ಅದರಲ್ಲಿ. ಬಂದು ಹೋಗುವ ಖರ್ಚು, ಸ್ಥಳಾಂತರ ಭತ್ಯೆ ಬೇರೆ. ಆ ಪಾಸ್‌ಬುಕ್ ಹಿಡಿದ ಆಳನ್ನು ಸಕಲೇಶಪುರದ ಯಾವ ತೋಟದಲ್ಲೂ ನಾನು ಕಂಡಿಲ್ಲ. ಮೇಸ್ತ್ರಿಯೇ ಗುತ್ತಿಗೆದಾರ ಎಂದು ಒಪ್ಪಿದರೆ ಭತ್ಯೆ ಕೊಡಬೇಕಾಗುತ್ತದೆ, ಅದಕ್ಕೇ ಎಲ್ಲರೂ 'ಅವರಾಗಿಯೇ ಬಂದರು' ಎಂದರು. ಕಾರ್ಮಿಕ ಇಲಾಖೆಯೂ ಸುಮ್ಮನಿತ್ತು. ಭತ್ಯೆ ಉಳಿಸಲು ಹೆಸರು ಬರೆಯದೆ ಬಿಟ್ಟವರೇ ಈಗ ಲೈನ್ ಮನೆಯಲ್ಲಿ ಯಾರಿದ್ದಾರೆ ಎಂದು ಪೊಲೀಸರು ಹೇಳಲಿ ಎನ್ನುತ್ತಿದ್ದಾರೆ.

ಅದೇ ತೋಟದ ಗೇಟಿನಲ್ಲಿ ನೇಪಾಳದ ಕಾವಲುಗಾರ ಕೂತಿದ್ದರೆ ಯಾರಿಗೂ ಅನುಮಾನವಿಲ್ಲ. 1950ರ ಜುಲೈ 31ರ ಒಪ್ಪಂದದ 7ನೇ ವಿಧಿ ಅವನಿಗೆ ಇಲ್ಲಿ ಇರುವ, ದುಡಿಯುವ ಹಕ್ಕು ಕೊಟ್ಟಿದೆ. ವಿದೇಶಿ ಪ್ರಜೆಗೆ ಕೇಳದ ಪ್ರಶ್ನೆಯನ್ನು ದೇಶದ ಪ್ರಜೆಗೆ ಕೇಳುತ್ತಿದ್ದೇವೆ. ಅನುಮಾನದ ಮೇಲೆ ಕೈಹಾಕಿದರೆ ಏನಾಗುತ್ತದೆ ಎಂಬುದನ್ನು 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ನೋಡಿದೆವು. ಬಾಂಗ್ಲಾದವರೆಂದು ಗುಡಿಸಲು ಕೆಡವಿದರು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದ ನಮ್ಮ ಕನ್ನಡಿಗರೂ ಇದ್ದರು. ಹೈಕೋರ್ಟು ತಡೆಯಬೇಕಾಯಿತು. ಗಡಿ ದಾಟಿ ಬಂದವರು ಯಾರೂ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಇದ್ದರೆ ಹಿಡಿಯಲು ಹೆಸರು, ಊರು, ಯಾರ ಮೂಲಕ ಬಂದ ಎಂಬ ದಾಖಲೆಯಾದರೂ ಬೇಕಲ್ಲ.

ವಿದ್ವಾಂಸರ ಕೊರತೆಯೂ ಇಲ್ಲೇ. ಗಡಿಯ ಬಗ್ಗೆ, ವಿದೇಶಿಯರ ಟ್ರಿಬ್ಯೂನಲ್ ಬಗ್ಗೆ, ಬೈಲಕುಪ್ಪೆಯ ಟಿಬೆಟನ್ನರ ಬಗ್ಗೆ ಪುಸ್ತಕಗಳಿವೆ. ಗಡಿಯಿಂದ ಅಷ್ಟು ದೂರದ ಕೆಲಸದ ಜಾಗದಲ್ಲಿ ಪೌರತ್ವದ ಕಾಗದ ಹೇಗೆ ಹುಟ್ಟುತ್ತದೆ, ಹೇಗೆ ಹುಟ್ಟದೆ ಉಳಿಯುತ್ತದೆ ಎಂಬುದನ್ನು ನೋಡಿದ್ದು ಕಡಿಮೆ. ಕನ್ನಡದಲ್ಲಿ ಕಾಫಿಯ ತಳಿ, ಬೋರರ್ ಹುಳು, ಬೆಲೆ ಇವುಗಳ ಬಗ್ಗೆ ಬರೆದಷ್ಟರಲ್ಲಿ ಹತ್ತನೇ ಒಂದು ಪಾಲನ್ನೂ ಕಾಫಿ ಕೊಯ್ಯುವವರ ಬಗ್ಗೆ ಬರೆದಿಲ್ಲ.

2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಕಾಯ್ದೆ ಜಾರಿಯಲ್ಲಿದೆ. 1920, 1939, 1946, 2000ರ ನಾಲ್ಕು ಕಾಯ್ದೆಗಳು ಹೋದವು. ಪಾಸ್‌ಪೋರ್ಟ್ ಇಲ್ಲದೆ ಒಳಬಂದರೆ ಐದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಸಾಬೀತಿನ ಹೊಣೆ ಮಾತ್ರ ಹಳೆಯ ಜಾಗದಲ್ಲೇ ಇದೆ. ಅದೇ ವರ್ಷದ ನವೆಂಬರ್ 21ರಿಂದ ಕಾರ್ಮಿಕ ಸಂಹಿತೆಗಳೂ ಬಂದು, 1951ರ ತೋಟ ಕಾರ್ಮಿಕರ ಕಾಯ್ದೆ, 1979ರ ವಲಸೆ ಕಾರ್ಮಿಕರ ಕಾಯ್ದೆ ಎರಡನ್ನೂ ನುಂಗಿಕೊಂಡವು. ತಾನಾಗಿ ಬಂದ ಆಳೂ ಈಗ ವಲಸೆ ಕಾರ್ಮಿಕನೇ, ಇದು ಒಳ್ಳೆಯ ಬದಲಾವಣೆ. ಆದರೆ ಐದು ಆಳು ಎಂದಿದ್ದ ಮಿತಿ ಹತ್ತಕ್ಕೆ ಏರಿದೆ. ಹತ್ತು ಹೆಕ್ಟೇರಿಗಿಂತ ಕಡಿಮೆ ಇರುವ ಸಣ್ಣ ಬೆಳೆಗಾರರೇ ಬಹುಪಾಲಾಗಿರುವ ನಮ್ಮ ಸೀಮೆಯಲ್ಲಿ ಎಷ್ಟೋ ಲೈನ್ ಮನೆಗಳು ಇದರಿಂದ ಲೆಕ್ಕದ ಹೊರಗೆ ಉಳಿಯುತ್ತವೆ.

ಸಕಲೇಶಪುರ, ಆಲೂರಿನ ಬೆಳೆಗಾರರ ಸಂಘಗಳವರಲ್ಲಿ ಎರಡು ಕೋರಿಕೆ. ಮುಂದಿನ ಕೊಯ್ಲಿಗೆ ಮುಂಚೆ, ಕಾನೂನು ಕೇಳಲಿ ಬಿಡಲಿ, ಹೊರಗಿನಿಂದ ಬಂದ ಪ್ರತಿ ಆಳಿನ ಹೆಸರು, ಊರು, ಕರೆತಂದ ಮೇಸ್ತ್ರಿಯ ಹೆಸರು, ಕೊಟ್ಟ ಕೂಲಿ ಇಷ್ಟನ್ನು ಬರೆದು ಒಂದು ಪ್ರತಿಯನ್ನು ಆ ಆಳಿನ ಕೈಗೇ ಕೊಡಿ. ಅಟ್ಟದ ಮೇಲಿರುವ ಹಳೆಯ ಹಾಜರಿ ಚೆಕ್‌ರೋಲುಗಳನ್ನು ಗುಜರಿಗೆ ಹಾಕಬೇಡಿ, ಹಾಸನ ಅಥವಾ ಮಂಗಳೂರಿನ ವಿಶ್ವವಿದ್ಯಾಲಯಕ್ಕೆ ಕೊಡಿ.