ಚುಕ್ಕಿಯಿಂದ ಶುರುವಾದ ವಿಳಾಸ

ನವಿ ಮುಂಬಯಿಯ ತುರ್ಭೆಯಲ್ಲಿ ಎರಡು ಬಗೆಯ ವಿಳಾಸಗಳಿವೆ. 1970ರಲ್ಲಿ ಹುಟ್ಟಿದ ಸಿಡ್ಕೊ ಹೊಸ ನಗರದ ನಕಾಶೆ ಬರೆದು ಸೆಕ್ಟರ್ ನಂಬರು ಹಂಚಿತು. ತುರ್ಭೆ ಗಾಂವ್ ಅದಕ್ಕೂ ಮೊದಲಿನದು. ನಕಾಶೆ ಬಂತೆಂದು ಊರು ಎದ್ದು ಹೋಗಲಿಲ್ಲ. ಯುನಿಕ್ಸ್ ಮನೆತನದ ಕಂಪ್ಯೂಟರುಗಳಲ್ಲೂ ಇಂಥದೊಂದು ಹಳೆ ಊರಿದೆ.

ನಾವು ಟೈಪ್ ಮಾಡಿದ ಆಜ್ಞೆಯನ್ನು ಓದಿ ಯಂತ್ರದಿಂದ ಕೆಲಸ ಮಾಡಿಸುವ ಪ್ರೋಗ್ರಾಮಿಗೆ ಶೆಲ್ ಎನ್ನುತ್ತಾರೆ. ಅದು ಶುರುವಾಗುವಾಗ ಮೊದಲು ಒಂದು ಫೈಲು ಓದುತ್ತದೆ. ಯಾವ ಪ್ರೋಗ್ರಾಮನ್ನು ಎಲ್ಲಿ ಹುಡುಕಬೇಕು ಎಂಬಂಥ ಸಂಗತಿಗಳೆಲ್ಲ ಅದರಲ್ಲಿರುತ್ತವೆ. ಆ ಫೈಲು ಎಲ್ಲಿರಬೇಕೆಂಬುದರಲ್ಲಿ ಇಂದಿಗೂ ಒಮ್ಮತವಿಲ್ಲ.

ಶುರುವಾದದ್ದು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಯುನಿಕ್ಸಿನ ಪ್ರತಿ ಡೈರೆಕ್ಟರಿಯಲ್ಲೂ ಒಂದು ಚುಕ್ಕಿ (ಈ ಜಾಗ) ಮತ್ತು ಎರಡು ಚುಕ್ಕಿ (ಮೇಲಿನ ಜಾಗ) ಎಂಬ ಎರಡು ಹೆಸರುಗಳು ಬಂದವು. ಪಟ್ಟಿ ತೋರಿಸುವ ಎಲ್‌ಎಸ್ ಆಜ್ಞೆಯಲ್ಲಿ ಅವು ಕಾಣಬಾರದೆಂದು ಮೊದಲಕ್ಷರ ಚುಕ್ಕಿಯಾದರೆ ಬಿಟ್ಟುಬಿಡು ಎಂದು ಬರೆದರು. ಅದರಿಂದ ಚುಕ್ಕಿಯಲ್ಲಿ ಶುರುವಾಗುವ ಹೆಸರುಗಳೆಲ್ಲ ಮರೆಯಾದವು. ಅಡಗಿದ ಫೈಲು ಹುಟ್ಟಿದ್ದು ಈ ಸೋಮಾರಿತನದಿಂದ ಎಂದು ಅಲ್ಲೇ ಕೆಲಸ ಮಾಡಿದ್ದ ರಾಬ್ ಪೈಕ್ 2012ರಲ್ಲಿ ಬರೆದರು. 1979ರ ಏಳನೆಯ ಆವೃತ್ತಿಯ ಯುನಿಕ್ಸಿನಲ್ಲಿ ಬೋರ್ನ್ ಶೆಲ್ ‘.ಪ್ರೊಫೈಲ್’ ಓದುತ್ತಿತ್ತು. ಬರ್ಕ್ಲಿಯಲ್ಲಿ ಬಿಲ್ ಜಾಯ್ ಬರೆದ ಸಿ ಶೆಲ್‌ಗೆ ‘.ಸಿಎಸ್‌ಎಚ್‌ಆರ್‌ಸಿ’. ಕೊನೆಯ ಆರ್‌ಸಿ ಎಂಬುದು ಇನ್ನೂ ಹಳೆಯದು, 1960ರ ದಶಕದ ಎಂಐಟಿಯ ‘ರನ್‌ಕಾಮ್’ನಿಂದ ಬಂದದ್ದು.

1989ರಲ್ಲಿ ಬ್ರಯಾನ್ ಫಾಕ್ಸ್ ಬರೆದ ಬ್ಯಾಶ್ ಈ ಹಳೆ ಫೈಲುಗಳ ಜೊತೆಗೆ ತನ್ನವನ್ನೂ ಸೇರಿಸಿತು. ಲಾಗಿನ್ ಆದಾಗ ಅದು ನಮ್ಮ ಹೋಮ್ ಡೈರೆಕ್ಟರಿಯಲ್ಲಿ ‘.ಬ್ಯಾಶ್_ಪ್ರೊಫೈಲ್’, ‘.ಬ್ಯಾಶ್_ಲಾಗಿನ್’, ‘.ಪ್ರೊಫೈಲ್’ ಎಂಬ ಮೂರನ್ನು ಇದೇ ಸರದಿಯಲ್ಲಿ ಹುಡುಕಿ, ಮೊದಲು ಸಿಕ್ಕಿದ ಒಂದನ್ನೇ ಓದುತ್ತದೆ. ಲಾಗಿನ್ ಇಲ್ಲದೆ ಕಿಟಕಿ ತೆರೆದರೆ ಓದುವುದು ‘.ಬ್ಯಾಶ್‌ಆರ್‌ಸಿ’. ಯಾರೋ ಹೊಸದಾಗಿ ಮೊದಲನೆಯದನ್ನು ಸೃಷ್ಟಿಸಿದರೆ ಮೂರನೆಯದು ಅಂದಿನಿಂದ ಮೂಕ. ಒಂದು ಎಚ್ಚರಿಕೆಯ ಸಾಲೂ ಬರುವುದಿಲ್ಲ. ಹೊತ್ತು ನೋಡಿ ಕೆಲಸ ಓಡಿಸುವ ಕ್ರಾನ್ ಅಂತೂ ಈ ಯಾವುದನ್ನೂ ಓದಿಸುವುದಿಲ್ಲ. ಹಗಲು ಕೈಯಾರೆ ಓಡಿಸಿದಾಗ ನಡೆದ ಸ್ಕ್ರಿಪ್ಟು ರಾತ್ರಿ ಎರಡಕ್ಕೆ ಬೀಳುವುದು ಎಷ್ಟೋ ಸಲ ಇದರಿಂದಲೇ. ತುರ್ಭೆಯಿಂದ ಥಾಣೆಯ ಕಡೆ ಮಹಾಪೆ, ರಬಾಳೆಯ ಡೇಟಾ ಸೆಂಟರುಗಳಲ್ಲಿ ರಾತ್ರಿಪಾಳಿ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2003ರಲ್ಲಿ ವಾಲ್ಡೊ ಬಾಸ್ಟಿಯನ್ ಎಕ್ಸ್‌ಡಿಜಿ ಎಂಬ ನಿಯಮ ಬರೆದರು: ಎಕ್ಸ್‌ಡಿಜಿ_ಕಾನ್ಫಿಗ್_ಹೋಮ್ ಎಂಬ ಚರಾಕ್ಷರ ಹೇಳಿದ ಜಾಗದಲ್ಲಿ, ಅದಿಲ್ಲದಿದ್ದರೆ ‘.ಕಾನ್ಫಿಗ್’ನಲ್ಲಿ ಹುಡುಕಿ ಎಂದು. ಇದೇ ಸೆಕ್ಟರ್ ನಕಾಶೆ. (ಅದರ ಹೆಸರೂ ಚುಕ್ಕಿಯಿಂದಲೇ ಶುರು!) 2005ರಲ್ಲಿ ಬಂದ ಫಿಶ್ ಶೆಲ್ ಇಂದು ಅಲ್ಲೇ ವಾಸ. ಬ್ಯಾಶ್ ಹಳೆ ಊರಿನಲ್ಲೇ ಉಳಿಯಿತು.

ಬ್ಯಾಶ್ ಮಾಡುವವರದು ಬರೀ ಹಟ ಎಂದು ನನಗನ್ನಿಸುವುದಿಲ್ಲ. ಬೇರೆ ಪ್ರೋಗ್ರಾಮುಗಳಿಗೆ ಆ ಚರಾಕ್ಷರವನ್ನು ಸಾಮಾನ್ಯವಾಗಿ ಹೇಳಿಕೊಡುವುದೇ ಶೆಲ್, ಅದೂ ತನ್ನ ಆರಂಭದ ಫೈಲನ್ನು ಓದಿದ ಮೇಲೆ. ಆ ಫೈಲು ಎಲ್ಲಿದೆಯೆಂದು ಅದೇ ಚರಾಕ್ಷರದಿಂದ ತಿಳಿಯಬೇಕೆಂದರೆ, ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲು ಹಾಕಿದ ಹಾಗೆ. 1990ರಲ್ಲಿ ಪಾಲ್ ಫಾಲ್ಸ್ಟಡ್ ಬರೆದ ಝಡ್ ಶೆಲ್ ಈ ಗಂಟನ್ನು ಅರ್ಧ ಬಿಡಿಸಿದೆ. ಅದರ ಝಡ್‌ಡಾಟ್‌ಡಿರ್‌ನಲ್ಲಿ ಬೇಕಾದ ಜಾಗ ಹೇಳಬಹುದು. ಆದರೆ ಅದನ್ನು ಹೇಳಲು ಹೋಮ್‌ನಲ್ಲಿ ಒಂದು ‘.ಝಡ್‌ಎಸ್‌ಎಚ್‌ಇಎನ್‌ವಿ’ ಬಿಡಬೇಕು, ಇಲ್ಲವೇ ಇಡೀ ಯಂತ್ರದ ಫೈಲು ತಿದ್ದಲು ಅಡ್ಮಿನ್ನರ ಕೈಕಾಲು ಹಿಡಿಯಬೇಕು.

ಹೊಸ ಜಾಗವನ್ನು ಮೊದಲು ನೋಡಿ, ಅಲ್ಲಿಲ್ಲದಿದ್ದರೆ ಮಾತ್ರ ಹಳೆಯದನ್ನು ಓದಲಿ ಎನ್ನುವವರಿದ್ದಾರೆ. ಕೇಳಲು ಸರಳ. ಆದರೆ ಕೋಂಡಾದಂಥವು ತಮ್ಮ ಸಾಲುಗಳನ್ನು ‘.ಬ್ಯಾಶ್‌ಆರ್‌ಸಿ’ಗೇ ಸೇರಿಸುತ್ತವೆ. ಹೊಸ ಜಾಗಕ್ಕೆ ಹೋದವನ ಆ ಸಾಲುಗಳನ್ನು ಯಾರು ಓದಬೇಕು? 2019ರಲ್ಲಿ ಆಪಲ್ ತನ್ನ ಮ್ಯಾಕ್‌ಗಳಲ್ಲಿ ಬ್ಯಾಶ್ ಬಿಟ್ಟು ಝಡ್ ಶೆಲ್ಲನ್ನು ಮುಂದಿಟ್ಟಾಗ ಇದರ ರುಚಿ ಸಿಕ್ಕಿತು. ಹೊಸದಕ್ಕೆ ಬದಲಾದವರ ‘.ಬ್ಯಾಶ್_ಪ್ರೊಫೈಲ್’ ಇದ್ದಲ್ಲೇ ಇತ್ತು. ಹೊಸ ಶೆಲ್ ಅದನ್ನು ತೆರೆಯಲೇ ಇಲ್ಲ, ನಿನ್ನೆಯವರೆಗೆ ಸಿಗುತ್ತಿದ್ದ ಆಜ್ಞೆಗೆ ಇವತ್ತು ‘ಸಿಗಲಿಲ್ಲ’ ಎಂಬ ಉತ್ತರ ಬಂತು.