ಗಾಳಿಯಲ್ಲೊಂದು ಗೋಮಾಳ

ರೇಡಿಯೊ ಕೇಳಲೂ ಸರ್ಕಾರದ ಅಪ್ಪಣೆ ಬೇಕಿದ್ದ ಕಾಲ ನಮ್ಮ ದೇಶದಲ್ಲಿತ್ತು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ರೇಡಿಯೊ ಇಟ್ಟುಕೊಳ್ಳುವುದೇ ಅಪರಾಧ. ಜನ ಅಂಚೆ ಕಚೇರಿಗೆ ಹೋಗಿ ಪ್ರತಿವರ್ಷ ಹಣ ಕಟ್ಟಿ, ಪುಟ್ಟ ಪುಸ್ತಕವೊಂದರಲ್ಲಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. 1980ರ ದಶಕದ ನಡುಭಾಗದವರೆಗೂ ಈ ಪದ್ಧತಿ ಇತ್ತು. ಈಗ ನನ್ನ ಮನೆಯ ಟಿ.ವಿ. ಪಕ್ಕದಲ್ಲಿರುವ ವೈಫೈ ರೌಟರ್ ಕೇಳುವುದಷ್ಟೇ ಅಲ್ಲ, ಹಗಲೂ ರಾತ್ರಿ ಪ್ರಸಾರವನ್ನೂ ಮಾಡುತ್ತದೆ. ಅದಕ್ಕೆ ಪುಸ್ತಕವೂ ಇಲ್ಲ, ಮುದ್ರೆಯೂ ಇಲ್ಲ.

ಈ ಸ್ವಾತಂತ್ರ್ಯದ ಮೂಲ ಯಾರಿಗೂ ಬೇಡವಾಗಿದ್ದ ಜಾಗದಲ್ಲಿದೆ. ಮೈಕ್ರೋವೇವ್ ಒಲೆ ಅನ್ನ ಬಿಸಿ ಮಾಡುವುದು ಸುಮಾರು 2.45 ಗಿಗಾಹರ್ಟ್ಸ್ ಅಲೆಗಳಿಂದ. ಇಂಥ ಯಂತ್ರಗಳ ಗದ್ದಲವಿದ್ದ ಬ್ಯಾಂಡು ಸಂಪರ್ಕಕ್ಕೆ ಪ್ರಯೋಜನವಿಲ್ಲದ ಕಸದ ಜಾಗವೆಂದೇ ಹೆಸರಾಗಿತ್ತು. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಒಂದು ದಿಟ್ಟ ಕೆಲಸ ಮಾಡಿತು. ಸಂಕೇತವನ್ನು ಅಗಲವಾಗಿ ಹರಡಿ ಕಡಿಮೆ ಶಕ್ತಿಯಲ್ಲಿ ಕಳಿಸುವವರು ಅಲ್ಲಿ ಲೈಸೆನ್ಸ್ ಇಲ್ಲದೆಯೇ ಮಾತಾಡಿಕೊಳ್ಳಲಿ ಎಂದಿತು. ಅದನ್ನು ಮೊದಲು ಬಳಸಲು ಹೊರಟವರಲ್ಲಿ ಅಂಗಡಿಗಳ ಬಿಲ್ಲಿನ ಯಂತ್ರ ತಯಾರಿಸುತ್ತಿದ್ದ ಎನ್‌ಸಿಆರ್ ಕಂಪನಿಯೂ ಒಂದು. ತಂತಿ ಎಳೆಯದೆ ಆ ಯಂತ್ರಗಳನ್ನು ಜೋಡಿಸುವುದು ಅವರ ಆಸೆ. ಕಂಪನಿಯ ನೆದರ್ಲೆಂಡ್ಸ್ ಶಾಖೆಯ ವಿಕ್ ಹೇಯ್ಸ್ ಅಧ್ಯಕ್ಷರಾಗಿದ್ದ ಸಮಿತಿ ಏಳು ವರ್ಷ ಚರ್ಚಿಸಿ 1997ರಲ್ಲಿ 802.11 ಎಂಬ ಮಾನದಂಡ ಕೊಟ್ಟಿತು. ಎರಡೇ ವರ್ಷದಲ್ಲಿ ವೈಫೈ ಎಂಬ ಹೆಸರೂ ಬಂತು. ಅಂಗಡಿಯ ಗಲ್ಲಾಪೆಟ್ಟಿಗೆಗೆಂದು ಹೊರಟದ್ದು ನಡುಮನೆಗೆ ಬಂದು ಕೂತಿತು.

ಭಾರತದಲ್ಲಿ 2005ರ ಜನವರಿಯ ಅಧಿಸೂಚನೆ 2.4 ಗಿಗಾಹರ್ಟ್ಸ್ ಬ್ಯಾಂಡನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸಿಲ್ಲದೆ ಬಿಟ್ಟುಕೊಟ್ಟಿತು. ಅದರ ಷರತ್ತು ನನಗೆ ಬಹಳ ಇಷ್ಟ: ಇನ್ನೊಬ್ಬರಿಗೆ ತೊಂದರೆ ಕೊಡಬಾರದು, ನಿಮಗೆ ತೊಂದರೆಯಾದರೆ ರಕ್ಷಣೆ ಕೇಳಬಾರದು, ಎಲ್ಲರೂ ಹಂಚಿಕೊಂಡು ಬಳಸಬೇಕು. ನಮ್ಮ ಹಳ್ಳಿಗಳ ಗೋಮಾಳವೂ ಇಂಥದ್ದೇ ಅಲ್ಲವೆ?

ಗೋಮಾಳದಲ್ಲಿ ದನ ಹೆಚ್ಚಾದರೆ ಏನಾಗುತ್ತದೆಂದು ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೋಡಬಹುದು. ಫೋನ್ ತೆರೆದರೆ ಅಕ್ಕಪಕ್ಕದ ಮನೆಗಳ ಇಪ್ಪತ್ತು ಹೆಸರು ಕಾಣುತ್ತವೆ. 2.4ರಲ್ಲಿ ಚಾನೆಲ್‌ಗಳು ಐದೈದು ಮೆಗಾಹರ್ಟ್ಸ್ ಅಂತರದಲ್ಲಿವೆ, ಒಂದೊಂದು ರೌಟರಿನ ಸಂಕೇತಕ್ಕೆ ಇಪ್ಪತ್ತರಷ್ಟು ಅಗಲ ಬೇಕು. ಆದ್ದರಿಂದ ಒಂದರ ಮೇಲೊಂದು ಬೀಳದೆ ನಿಲ್ಲುವುದು 1, 6 ಮತ್ತು 11 ಮಾತ್ರ. ಹೊಸ ರೌಟರ್ ಕೂರಿಸುವವರು ಈ ಮೂರರಲ್ಲಿ ಖಾಲಿಯಿರುವುದನ್ನು ಆರಿಸಿಕೊಳ್ಳಬೇಕು. ಸಾಧ್ಯವಿದ್ದಲ್ಲಿ 5 ಗಿಗಾಹರ್ಟ್ಸ್‌ಗೆ ಹೋಗಬೇಕು. ಅಲ್ಲಿ ಜಾಗ ವಿಶಾಲ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ.

ಬೇಲಿಯಿಲ್ಲದ ಜಾಗದಲ್ಲಿ ಬೀಗ ನಮ್ಮದೇ. ಮೊದಲ ಬೀಗದ ಹೆಸರು ವೆಪ್. ಅಮೆರಿಕದ ರಫ್ತು ನಿಯಮದ ಕಾರಣ ಅದರ ಕೀಲಿ 40 ಬಿಟ್‌ನಷ್ಟು ಚಿಕ್ಕದಾಗಿತ್ತು. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ಗೂಢಲಿಪಿ ತಜ್ಞರು ಅದನ್ನು ಮುರಿಯುವ ದಾರಿ ತೋರಿಸಿದರು. ಅವರು ಕಂಡ ದೋಷಕ್ಕೆ ಕೀಲಿ ಉದ್ದ ಮಾಡಿದರೂ ಪರಿಹಾರವಿರಲಿಲ್ಲ. 2004ರಲ್ಲಿ ಡಬ್ಲ್ಯುಪಿಎ2 ಬಂತು. ಹಳೆಯ ರೌಟರುಗಳ ಆಯ್ಕೆಗಳಲ್ಲಿ ವೆಪ್ ಇನ್ನೂ ಕಾಣುತ್ತದೆ. ಅದನ್ನು ಮುಟ್ಟಬೇಡಿ, ಡಬ್ಲ್ಯುಪಿಎ2 ಅಥವಾ 3 ಆರಿಸಿ, ಕಂಪನಿ ಕೊಟ್ಟ ಪಾಸ್‌ವರ್ಡನ್ನು ಬದಲಿಸಿ.

ಜಗಳ ಈಗ 6 ಗಿಗಾಹರ್ಟ್ಸ್ ಮೇಲೆ. ಅದನ್ನು ಮೊಬೈಲ್ ಸೇವೆಗೆ ಕೊಡಿ ಎಂಬುದು ಮೊಬೈಲ್ ಕಂಪನಿಗಳ ವಾದ, ವೈಫೈಗೆ ಬಿಡಿ ಎಂಬುದು ಇನ್ನೊಂದು ಕಡೆಯವರದು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅದರ ಕೆಳಗಿನ 500 ಮೆಗಾಹರ್ಟ್ಸನ್ನು ಲೈಸೆನ್ಸಿನಿಂದ ಮುಕ್ತಗೊಳಿಸುವ ಕರಡು ನಿಯಮ ಹೊರಡಿಸಿತು. ಕಸದ ಜಾಗವನ್ನು ಬಿಟ್ಟುಕೊಡುವುದು ಸುಲಭವಿತ್ತು. ಈ ಬಾರಿ ಕೇಳುತ್ತಿರುವುದು ಬೆಲೆಬಾಳುವ ನೆಲವನ್ನು.